ಮದರ್‌ಬೋರ್ಡ್ ಕೆಟ್ಟಿಲ್ಲ, ಎಸ್‌ಎಂಪಿಎಸ್ ಬದಲಿಸಿಕೊಡಿ

ಇವರಿಗೆ,
ವ್ಯವಸ್ಥಾಪಕರು,
ವಾರಂಟಿ ಸೇವಾ ವಿಭಾಗ

ವಿಷಯ: ಆನ್ ಆಗದ ಡೆಸ್ಕ್‌ಟಾಪ್‌ಗೆ ತಪ್ಪು ತಪಾಸಣಾ ವರದಿ ಕೊಟ್ಟು ವಾರಂಟಿ ನಿರಾಕರಿಸಿರುವ ಕುರಿತು ದೂರು

ಮಾನ್ಯರೇ,

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ನಿಮ್ಮಿಂದ ಖರೀದಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಒಂದು ಸರಿಯಾಗಿ ಆನ್ ಆಗುತ್ತಿಲ್ಲ. ವಾರಂಟಿ ಇನ್ನೂ ಮುಗಿದಿಲ್ಲ. ನೋಡಲು ಬಂದ ನಿಮ್ಮ ತಂತ್ರಜ್ಞರು ‘ವೋಲ್ಟೇಜ್ ಏರುಪೇರಿನಿಂದ ಮದರ್‌ಬೋರ್ಡ್ ಸುಟ್ಟಿದೆ, ವಾರಂಟಿಗೆ ಬರುವುದಿಲ್ಲ’ ಎಂದು ಜಾಬ್ ಶೀಟಿನಲ್ಲಿ ಬರೆದು, ಹೊಸ ಬೋರ್ಡ್ ಮತ್ತು ವಿಂಡೋಸ್ ಹಾಕುವುದಕ್ಕೆ ಸೇರಿಸಿ ಎಸ್ಟಿಮೇಟ್ ಕೊಟ್ಟು ಹೋಗಿದ್ದಾರೆ. ಆ ಶೀಟಿನಲ್ಲಿ ಒಂದೇ ಒಂದು ವೋಲ್ಟೇಜ್ ರೀಡಿಂಗ್ ಇಲ್ಲ. ಈ ವರದಿಯನ್ನು ನಾವು ಒಪ್ಪುವುದಿಲ್ಲ. ಕೆಟ್ಟಿರುವುದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಪವರ್ ಸಪ್ಲೈ ಡಬ್ಬಿ.

ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುವುದಿಲ್ಲ, ಬೀಪ್ ಬರುವುದಿಲ್ಲ. ಬೋರ್ಡ್ ಮೇಲಿನ ಸಣ್ಣ ಎಲ್‌ಇಡಿ ಮಾತ್ರ ಮಂಕಾಗಿ ಉರಿಯುತ್ತದೆ. ಗೋಡೆಯ ಸ್ವಿಚ್ಚನ್ನು ಅರ್ಧ ಗಂಟೆ ಹಾಕಿಟ್ಟು ಆಮೇಲೆ ಒತ್ತಿದರೆ ಎಷ್ಟೋ ಸಲ ಆನ್ ಆಗುತ್ತದೆ, ಸಂಜೆಯವರೆಗೂ ನಿಲ್ಲದೆ ಓಡುತ್ತದೆ. ಸುಟ್ಟ ಬೋರ್ಡ್ ಹೀಗೆ ಓಡುವುದಿಲ್ಲ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಒಣಗುತ್ತಾ ಬಂದಾಗ ಅದರ ಆಂತರಿಕ ರೋಧ ಏರುತ್ತದೆ, ತಣ್ಣಗಿದ್ದಾಗಲಂತೂ ಇನ್ನೂ ಹೆಚ್ಚು. ಸ್ವಿಚ್ ಹಾಕಿಟ್ಟು ಅದು ಬೆಚ್ಚಗಾದ ಮೇಲೆ ಯಂತ್ರ ಆನ್ ಆಗುವುದಕ್ಕೆ ಇದೇ ಕಾರಣ.

ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಪವರ್ ಒಯ್ಯುವ 24 ಪಿನ್ ಕನೆಕ್ಟರ್ ಬೋರ್ಡಿನಲ್ಲಿ ಸಿಕ್ಕಿಸಿರುವಂತೆಯೇ ಅದರ ಹಿಂಬದಿಯಿಂದ ಮಲ್ಟಿಮೀಟರ್ ಪ್ರೋಬ್ ಇಳಿಸಿ, ಇನ್ನೊಂದು ಪ್ರೋಬನ್ನು ಸೊನ್ನೆ ವೋಲ್ಟಿನ ಕಪ್ಪು ತಂತಿಗೆ ತಾಗಿಸಿ ಅಳೆದಿದ್ದೇವೆ. 9ನೇ ಪಿನ್ನಿನ ನೇರಳೆ ತಂತಿ ಸ್ಟ್ಯಾಂಡ್‌ಬೈ, ಅಂದರೆ ಯಂತ್ರ ಆಫ್ ಇದ್ದಾಗಲೂ ಬರುವ, 5 ವೋಲ್ಟಿನದು, ಅದು 4.75ರಿಂದ 5.25ರ ಒಳಗಿರಬೇಕು. ಇಲ್ಲಿ ಸಿಕ್ಕಿದ್ದು 4.3. ಕನೆಕ್ಟರ್ ಬಿಚ್ಚಿದರೆ ಅದೇ ತಂತಿ 5.0 ತೋರಿಸುತ್ತದೆ. ‘ಆನ್ ಆಗು’ ಎಂದು ಬೋರ್ಡ್ ಎಸ್‌ಎಂಪಿಎಸ್‌ಗೆ ತಿಳಿಸುವ 16ನೇ ಪಿನ್ನಿನ ಹಸಿರು ತಂತಿಯ ವೋಲ್ಟೇಜ್ ಬಟನ್ ಒತ್ತಿದ ಕೂಡಲೇ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಬೋರ್ಡ್ ತನ್ನ ಕೆಲಸ ಮಾಡಿ ಪವರ್ ಕೇಳುತ್ತಿದೆ. ಆದರೂ ಹಳದಿ ತಂತಿಯಲ್ಲಿ ಬರಬೇಕಾದ 12 ವೋಲ್ಟ್ ಬರುತ್ತಿಲ್ಲ.

ಬೋರ್ಡೇ ಹೆಚ್ಚು ಕರೆಂಟ್ ಎಳೆದು ವೋಲ್ಟೇಜ್ ಕುಸಿಯುವಂತೆ ಮಾಡುತ್ತಿರಬಹುದು ಎಂದು ನೀವು ಕೇಳಬಹುದು. ಪಕ್ಕದ ಯಂತ್ರದ ಅದೇ ಮಾದರಿಯ ಎಸ್‌ಎಂಪಿಎಸ್ ತಂದು, 24 ಪಿನ್ನಿನ ಜೊತೆಗೆ ಪ್ರೊಸೆಸರಿನ 4 ಪಿನ್ ಕನೆಕ್ಟರನ್ನೂ ಕೊಟ್ಟು ನೋಡಿದಾಗ ಇದೇ ಬೋರ್ಡಿನ ಮೇಲೆ ನೇರಳೆ ತಂತಿ 5.05 ವೋಲ್ಟ್ ತೋರಿಸಿತು. ಬೆಳಗಿನ ತಂಪಿನಲ್ಲೂ ಮೊದಲ ಒತ್ತಿಗೇ, ಯಂತ್ರ ಶುರುವಾಗುವಾಗ ಕಾಣುವ ಬಯಾಸ್ ಪರದೆ ಬಂತು. ಮುಂಭಾಗದ ಬಟನ್, ರ‍್ಯಾಮ್, ಹಾರ್ಡ್ ಡಿಸ್ಕ್ ಒಂದೊಂದನ್ನೂ ಬಿಡಿಸಿ ನೋಡಿ ಆಗಿದೆ, ಅವುಗಳಿಂದ ತೊಂದರೆಯಿಲ್ಲ.

ನಿಮ್ಮ ತಂತ್ರಜ್ಞರು ಮಾಡಿದ್ದು ಒಂದೇ ಪರೀಕ್ಷೆ: ಕನೆಕ್ಟರ್ ಬಿಚ್ಚಿ, ಹಸಿರು ಮತ್ತು ಕಪ್ಪು ತಂತಿಗಳನ್ನು ತಂತಿಯ ತುಂಡಿನಿಂದ ಜೋಡಿಸಿದರು. ಫ್ಯಾನ್ ತಿರುಗಿತು, ‘ಎಸ್‌ಎಂಪಿಎಸ್ ಸರಿ ಇದೆ’ ಎಂದರು. ಲೋಡ್ ಇಲ್ಲದಾಗ, ಅಂದರೆ ಬೋರ್ಡ್ ಕರೆಂಟ್ ಎಳೆಯದಿರುವಾಗ, ಫ್ಯಾನ್ ತಿರುಗಿದ ಮಾತ್ರಕ್ಕೆ ಲೋಡ್ ಬಿದ್ದಾಗ ವೋಲ್ಟೇಜ್ ನಿಲ್ಲುತ್ತದೆ ಎಂದಾಗುವುದಿಲ್ಲ. ದೋಷ ಇರುವುದೇ ಅಲ್ಲಿ.

ವೋಲ್ಟೇಜ್ ಏರುಪೇರಿನ ಆರೋಪಕ್ಕೂ ಆಧಾರವಿಲ್ಲ. ಭಾರಿ ವೋಲ್ಟೇಜ್ ನುಗ್ಗಿದ್ದರೆ ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ ಒಳಗಿನ ಫ್ಯೂಸ್ ಹೋಗುತ್ತದೆ, ಆಗ ನೇರಳೆ ತಂತಿಯಲ್ಲಿ ಏನೂ ಬರುವುದಿಲ್ಲ. ಬೋರ್ಡಿನ ಮೇಲೆ ಸುಟ್ಟ ಗುರುತೂ ಇಲ್ಲ, ವಾಸನೆಯೂ ಇಲ್ಲ. ಅದೇ ಯುಪಿಎಸ್ ಸಾಲಿನ ಉಳಿದ ಯಂತ್ರಗಳು ಚೆನ್ನಾಗಿವೆ. ಎಸ್‌ಎಂಪಿಎಸ್ ಡಬ್ಬಿಯನ್ನು ನಾವು ತೆರೆದಿಲ್ಲ, ಸೀಲ್ ಹಾಗೆಯೇ ಇದೆ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದಾದ್ದರಿಂದ ಅದನ್ನು ತೆರೆಯುವುದು ನಿಮ್ಮ ಕಾರ್ಯಾಗಾರದ ಕೆಲಸ. ವಿಂಡೋಸ್ ಹಾಕುವ ಶುಲ್ಕವಂತೂ ಅರ್ಥವಾಗುತ್ತಿಲ್ಲ. ಫ್ಯಾನೇ ತಿರುಗದ ಯಂತ್ರದಲ್ಲಿ ಹಾರ್ಡ್ ಡಿಸ್ಕಿನವರೆಗೆ ಮಾತು ಹೋಗುವುದೇ ಇಲ್ಲ. ಅದರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿವೆ. ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಲು ಬಿಡುವುದಿಲ್ಲ. ಯಂತ್ರವನ್ನು ಕಾರ್ಯಾಗಾರಕ್ಕೆ ಒಯ್ಯುವುದಾದರೆ ಡಿಸ್ಕ್ ಬಿಚ್ಚಿಟ್ಟುಕೊಂಡೇ ಕೊಡುತ್ತೇವೆ.

ಆದ್ದರಿಂದ ಎಸ್ಟಿಮೇಟ್ ರದ್ದುಪಡಿಸಿ, ಜಾಬ್ ಶೀಟಿನ ಒಕ್ಕಣೆ ತಿದ್ದಿ, ವಾರಂಟಿಯಡಿ ಎಸ್‌ಎಂಪಿಎಸ್ ಬದಲಿಸಿಕೊಡಿ. ಮತ್ತೆ ಪರೀಕ್ಷಿಸಲೇಬೇಕು ಎನ್ನುವುದಾದರೆ ಯಂತ್ರ ಪೂರ್ತಿ ತಣ್ಣಗಿರುವಾಗ, ಕನೆಕ್ಟರ್ ಬೋರ್ಡಿನಲ್ಲಿರುವಂತೆಯೇ ನಮ್ಮೆದುರು ಅಳೆದು, ಅಂಕಿಗಳನ್ನು ಬರೆದು ಸಹಿ ಹಾಕಿ ಕೊಡಿ. ಇದೇ ಎಸ್‌ಎಂಪಿಎಸ್ ಲ್ಯಾಬಿನ ಉಳಿದ ಯಂತ್ರಗಳಲ್ಲೂ ಇದೆ. ನಾಳೆ ಇನ್ನೊಂದು ಹೀಗೆಯೇ ನಿಂತರೆ ಅದಕ್ಕೂ ‘ಬೋರ್ಡ್ ಸುಟ್ಟಿದೆ’ ಎಂಬ ಚೀಟಿ ಬರಬಾರದು.

15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ಲ್ಯಾಬ್ ಉಸ್ತುವಾರಿ

ಲಗತ್ತು: ಖರೀದಿ ಬಿಲ್ಲು, ಜಾಬ್ ಶೀಟ್, ಎಸ್ಟಿಮೇಟ್ ಪ್ರತಿಗಳು, ಮೀಟರ್ ರೀಡಿಂಗ್‌ಗಳ ಫೋಟೊಗಳು