ಗಂಜಿ ಚೆಲ್ಲಬೇಡ ದೀದಿ

ಗೆಳೆಯಾ,

ನಾಟಕ ಓದಿ ನೀನು ಬರೆದ ಪತ್ರ ಸಿಕ್ಕಿತು. 'ಯುದ್ಧದ ನಾಟಕ ಅಂತೀಯ, ಒಬ್ಬ ಸಿಪಾಯಿಯೂ ಬರೋದಿಲ್ವಲ್ಲೋ' ಅಂತ ಬೈದಿದ್ದೀಯ. ನಿಜ, ಬರೋದಿಲ್ಲ. 1943ರ ಕ್ಷಾಮದಲ್ಲಿ ಬಂಗಾಳದ ಹಳ್ಳಿಗೆ ಎರಡನೇ ಮಹಾಯುದ್ಧ ಬಂದದ್ದೇ ಅಕ್ಕಿ ಅಂಗಡಿಯ ದಾರಿಯಲ್ಲಿ.

1942ರ ಮಾರ್ಚ್‌ನಲ್ಲಿ ಬರ್ಮಾದ ರಂಗೂನ್ ಜಪಾನೀಯರ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದು ಅಂತ ಸರ್ಕಾರವೇ ಕರಾವಳಿ ಕಡೆಯ ದೋಣಿಗಳನ್ನು ಕಿತ್ತುಕೊಂಡಿತು. ದೋಣಿ ಇಲ್ಲದೆ ಸಂತೆಗೂ ಹೋಗಲಾಗದ ಊರುಗಳು ಅವು! ಅಕ್ಟೋಬರ್‌ನಲ್ಲಿ ಮಿದ್ನಾಪುರದ ಚಂಡಮಾರುತ ಬೇರೆ. ಕಲ್ಕತ್ತೆಯಲ್ಲಿ ಡಿಸೆಂಬರ್‌ನಲ್ಲಿ ಮಣಕ್ಕೆ (ಸುಮಾರು 37 ಕಿಲೋ) 13-14 ರೂಪಾಯಿ ಇದ್ದ ಅಕ್ಕಿ ಮುಂದಿನ ಮೇ ಕೊನೆಗೆ 30 ದಾಟಿತ್ತು. ಕೂಲಿ ಹಾಗೆ ಏರಲಿಲ್ಲ. ಆ ಕ್ಷಾಮದಲ್ಲಿ ಸತ್ತವರು ಸುಮಾರು 20ರಿಂದ 30 ಲಕ್ಷ. ಮೊದಲ ಸಲ ಬರೆದಾಗ ಇದನ್ನೆಲ್ಲ ಪಾತ್ರಗಳ ಬಾಯಲ್ಲೇ ಹೇಳಿಸಿದ್ದೆ. ಭಾಷಣ ಆಗಿಹೋಗಿತ್ತು. ಹರಿದು ಹಾಕಿದೆ.

ಉಳಿದದ್ದು ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು. ಒಬ್ಬಳ ಮನೆಯಲ್ಲಿ ಒಂದಿಷ್ಟು ಭತ್ತ ಇದೆ. ಇನ್ನೊಬ್ಬಳು ಊರವರ ಭತ್ತ ಕುಟ್ಟಿಕೊಟ್ಟು ಹೊಟ್ಟೆ ಹೊರೆಯೋಳು. ಕುಟ್ಟಲು ಕೊಡುವವರೇ ಇಲ್ಲದ ಮೇಲೆ ಏನು ಮಾಡ್ತಾಳೆ? ಹೊಲದ ಕೂಲಿಗಳು, ಮೀನು ಹಿಡಿಯೋರು, ಇಂಥ ಹೆಂಗಸರು, ಜಾಸ್ತಿ ನಲುಗಿದ್ದು ಇವರೇ.

ಎರಡನೇ ಅಂಕ ಇನ್ನೊಮ್ಮೆ ಓದು. ಬಾಗಿಲು ತೆರೆದಿಟ್ಟೇ ಅಡುಗೆ ಮಾಡುತ್ತಿದ್ದವಳು ಈಗ ಚಿಲಕ ಹಾಕಿಕೊಂಡು ಅನ್ನ ಬಸಿಯುತ್ತಾಳೆ. ಮುಚ್ಚಳ ಸದ್ದು ಮಾಡದ ಹಾಗೆ ಸೆರಗಿನಿಂದ ಒತ್ತಿ ಹಿಡಿದಿರುತ್ತಾಳೆ. ಬಿಸಿ ಅನ್ನದ ವಾಸನೆಗೆ ಚಿಲಕ ಹಾಕೋಕಾಗುತ್ತಾ? ಹಿತ್ತಿಲಲ್ಲಿ ಪಕ್ಕದವಳು ಬಟ್ಟಲು ಹಿಡಿದು ನಿಂತಿದ್ದಾಳೆ. ಅನ್ನ ಕೇಳೋದಿಲ್ಲ. 'ಗಂಜಿ ಚೆಲ್ಲಬೇಡ ದೀದಿ' ಅಂತಾಳೆ, ಅಷ್ಟೇ. ನಿನ್ನೆ ಮೊನ್ನೆವರೆಗೂ ಬೇಲಿ ವಿಷಯಕ್ಕೆ ಜಗಳ ಆಡುತ್ತಿದ್ದವಳು ಇವಳು!

ಗಂಜಿಯ ಮಾತು ನಾನು ಸುಮ್ನೆ ಕಟ್ಟಿದ್ದಲ್ಲ ಕಣೋ. ಆ ವರ್ಷ ಹಳ್ಳಿ ಬಿಟ್ಟು ಕಲ್ಕತ್ತೆ ಸೇರಿದವರು ಬೀದಿಬೀದಿಯಲ್ಲಿ ಕೂಗಿದ್ದು 'ಫ್ಯಾನ್ ದಾವ್' ಅಂತ. ಅನ್ನ ಬಸಿದ ಗಂಜಿ ಕೊಡಿ ಅಂತ. ಅನ್ನವನ್ನೇ ಕೇಳುವಷ್ಟು ಧೈರ್ಯವೂ ಉಳಿದಿರಲಿಲ್ಲ ಅನ್ಸುತ್ತೆ.

ಚಿಲಕ ಹಾಕಿದವಳು ತೀರಾ ಕೆಟ್ಟವಳಾಗಿ ಕಾಣ್ತಾಳೆ ಅಂದೆಯಲ್ಲ, ಅದು ಮಾತ್ರ ನನ್ನ ತಪ್ಪು. ಅವಳ ಬೆನ್ನಿಗೂ ಮೂರು ಮಕ್ಕಳಿವೆ, ಅವು ರಂಗದ ಮೇಲೆ ಬರಲೇ ಇಲ್ಲ. ಈಗ ತಂದಿದ್ದೇನೆ. ಮಕ್ಕಳು ನೋಡುತ್ತಿರುವಾಗಲೇ ಅರ್ಧ ಬಟ್ಟಲು ಸುರಿದು, ಮುಖ ಎತ್ತದೆ ಬಾಗಿಲು ಹಾಕಿಕೊಳ್ತಾಳೆ.

ಮಾರನೆಯ ದಿನ ಇವರಿಬ್ಬರೂ ಕೊಳದ ಹತ್ತಿರ ಎದುರಾದರೆ ಏನು ಮಾತಾಡ್ತಾರೆ? ಮೂರು ಸಲ ಬರೆದು ಮೂರು ಸಲವೂ ಹೊಡೆದು ಹಾಕಿದೆ. ಮುಂದಿನ ವಾರ ಬರ್ತೀಯಲ್ಲ, ಗಟ್ಟಿಯಾಗಿ ಓದಿ ನೋಡೋಣ. ನೀನು ಚಿಲಕ ಹಾಕಿದವಳು, ನಾನು ಬಟ್ಟಲಿನವಳು.

ನಿನ್ನ ಗೆಳೆಯ