ಓದುವ ಕೋಣೆಯ ಗೋಡೆಗೆ ಆ ಹಾಳೆ ಅಂಟಿಸಿದವರಿಗೆ

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆಂದು ಗ್ರಂಥಾಲಯದ ಗೋಡೆಗೆ ಒಂದೇ ಒಂದು ಹಾಳೆ ಅಂಟಿಸಿ, ಹೆಸರೂ ಬರೆಯದೆ ಹೋದವರೇ, ನಿಮಗೆ ನಮಸ್ಕಾರ.

ಹಾಳೆಯ ಮೊದಲ ಸಾಲೇ ಅರ್ಧ ಭಯ ಇಳಿಸುತ್ತದೆ: 625 ಅಂಕಗಳಲ್ಲಿ 125 ಆಂತರಿಕ, ಅಂದರೆ ಶಾಲೆಯಲ್ಲೇ ಸಿಗುವಂಥವು. ಬರೆಯಬೇಕಾದದ್ದು ಪ್ರಥಮ ಭಾಷೆಗೆ 100, ಉಳಿದ ಐದು ವಿಷಯಗಳಿಗೆ ತಲಾ 80.

ಹೋಂವರ್ಕ್ ಬಗ್ಗೆ ನೀವು ಹೇಳಿದ್ದು ಖಾರವಾದರೂ ನಿಜ. ಗೈಡ್ ತೆರೆದಿಟ್ಟು ನಕಲು ಮಾಡಿದರೆ ಕೈ ನೋಯುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. ಉತ್ತರವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ ಬರೆದು, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿದರೆ ಹೋಂವರ್ಕ್ ಮುಗಿಯುವಷ್ಟರಲ್ಲಿ ಓದೂ ಮುಗಿದಿರುತ್ತದೆ. ಆ ಕೆಂಪು ಸಾಲುಗಳನ್ನಷ್ಟೇ ಮರುದಿನ, ಮತ್ತೆ ವಾರದ ನಂತರ ನೋಡಿದರೆ ಸಾಕು.

ಗಣಿತದ ಭಾಗವಂತೂ ಬಂಗಾರ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡನ್ನು ಸಮಾನುಪಾತದಲ್ಲಿ ಭಾಗಿಸುತ್ತದೆ ಎನ್ನುವ ಥೇಲ್ಸ್ ಪ್ರಮೇಯವನ್ನು ಉರು ಹೊಡೆದವರು ಎಡವುವುದು ರಚನೆಯಲ್ಲೇ. ಎಬಿಸಿ ತ್ರಿಭುಜದಲ್ಲಿ ಬಿಸಿಗೆ ಸಮಾಂತರವಾಗಿ ಡಿಇ ಇದ್ದಾಗ, ಬಿಇ, ಸಿಡಿ ಸೇರಿಸಿ ಎರಡು ಲಂಬ ಎಳೆಯದಿದ್ದರೆ ವಿಸ್ತೀರ್ಣದ ಅನುಪಾತವೇ ಹುಟ್ಟುವುದಿಲ್ಲ, ಸಾಧನೆ (ಪ್ರಮೇಯದ ರುಜುವಾತು) ನಡುದಾರಿಯಲ್ಲಿ ನಿಲ್ಲುತ್ತದೆ. ದತ್ತ, ಸಾಧನೀಯ, ರಚನೆ, ಸಾಧನೆ: ನಾಲ್ಕು ತಲೆಬರಹ ಮೊದಲೇ ಬರೆದಿಟ್ಟುಕೊಳ್ಳಿ ಎಂದಿರಿ. ಇಷ್ಟು ಸಣ್ಣ ಮಾತನ್ನು ಟ್ಯೂಷನ್‌ನಲ್ಲೂ ಯಾರೂ ಹೇಳುವುದಿಲ್ಲ!

ವಿಜ್ಞಾನದ ಚಿತ್ರಗಳಿಗೆ ಗಡಿಯಾರ ಇಟ್ಟುಕೊಂಡು ಐದು ನಿಮಿಷ. ಶೇಡಿಂಗ್ ಬೇಡ, ಭಾಗಗಳ ಹೆಸರು ಬೇಕು. ಮಾದರಿ ಪ್ರಶ್ನೆಪತ್ರಿಕೆಯನ್ನು ಬೆಳಿಗ್ಗೆಯೇ, ಒಂದೇ ಪಟ್ಟಿನಲ್ಲಿ ಕೂತು ಬರೆಯಬೇಕು. ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಕೊನೆಯದಕ್ಕೆ ಒಪ್ಪಿಸಬೇಕಾದದ್ದು ಮಕ್ಕಳನ್ನಲ್ಲ, ಅಪ್ಪ-ಅಮ್ಮಂದಿರನ್ನು.

ಹಾಳೆಯ ಬಲಮೂಲೆ ಕಿತ್ತು ಬಂದಿತ್ತು, ಟೇಪ್ ಹಾಕಿದ್ದೇವೆ. ಸಮಾಜ ವಿಜ್ಞಾನದ ನಕಾಶೆ ಕೆಲಸಕ್ಕೂ ಒಂದು ಹಾಳೆ ಬರೆದುಕೊಟ್ಟರೆ ಪಕ್ಕದಲ್ಲೇ ಜಾಗ ಬಿಟ್ಟಿದ್ದೇವೆ.