ಆ ನಟಿಯನ್ನು ನೀನು ಮೆಚ್ಚಬೇಕಿಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿ ನಗು ಬಂತು. ಆ ಹೊಟ್ಟೆಕಿಚ್ಚಿನ ನಟಿಯ ಕಾದಂಬರಿಯನ್ನು ಎರಡೇ ರಾತ್ರಿಯಲ್ಲಿ ಮುಗಿಸಿದ್ದೀಯ. ಆಮೇಲೆ, "ಇಂಥ ಹೆಂಗಸಿನ ಕಥೆ ಹಿಡಿಸಿತು ಅಂದ್ರೆ ನನ್ನಲ್ಲೇ ಏನೋ ಐಬಿದೆಯಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಐಬು ಏನೂ ಇಲ್ಲ ಕಣೆ. ನೀನು ಕಳಿಸಿದ ಪ್ರತಿಯನ್ನು ನಾನೂ ಓದಿದೆ. ಆ ನಟಿ ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ನಾನು ಬಾಗಿಲು ತೆಗೆಯುವವಳಲ್ಲ. ಪುಸ್ತಕದಲ್ಲಿ ಮಾತ್ರ ಅವಳನ್ನು ಬಿಟ್ಟು ಏಳಲಾಗಲಿಲ್ಲ.

ಇದೇನು ಹೊಸದಲ್ಲ. 'ಎಮ್ಮಾ' ಕಾದಂಬರಿ ಬರೆಯಲು ಕೂತಾಗ ಇಂಗ್ಲೆಂಡಿನ ಲೇಖಕಿ ಜೇನ್ ಆಸ್ಟಿನ್, ನನ್ನೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಅಷ್ಟಾಗಿ ಹಿಡಿಸದ ನಾಯಕಿ ಇವಳು ಎಂದಿದ್ದರಂತೆ. ಅದು ಅಚ್ಚಾಗಿದ್ದು 1815ರ ಕೊನೆಗೆ. ಜನ ಇನ್ನೂ ಓದುತ್ತಿದ್ದಾರೆ. ಅಮೆರಿಕದ ಕಾದಂಬರಿಕಾರ ಥಿಯೋಡೋರ್ ಡ್ರೈಸರ್ 1900ರಲ್ಲಿ ತಂದ 'ಸಿಸ್ಟರ್ ಕ್ಯಾರಿ' ಕೂಡ ನಟಿಯ ಕಥೆಯೇ. ಶಿಕಾಗೋಗೆ ಕೆಲಸ ಹುಡುಕಿಕೊಂಡು ಬಂದ ಹುಡುಗಿ, ಮುಂದೆ ನ್ಯೂಯಾರ್ಕಿನ ರಂಗಮಂದಿರದಲ್ಲಿ ಗುಂಪಾಗಿ ಹಾಡಿ ಕುಣಿಯುವವರ ಕೋರಸ್ ಸಾಲಿನಲ್ಲಿ ನಿಂತು, ನಿಧಾನಕ್ಕೆ ಹೆಸರು ಮಾಡುತ್ತಾಳೆ. ಜೊತೆಗಿದ್ದ ಗಂಡಸು ಕುಸಿಯುತ್ತಾ ಹೋದಾಗ ಬಿಟ್ಟು ನಡೆಯುತ್ತಾಳೆ. ಲೇಖಕ ಅವಳಿಗೆ ಶಿಕ್ಷೆ ಕೊಡುವುದಿಲ್ಲ. ಅಂದಿನವರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಪ್ರಕಾಶಕರೇ ಹಿಂಜರಿದರು. ಅಚ್ಚಾಗಿದ್ದ ಸುಮಾರು ಸಾವಿರ ಪ್ರತಿಯಲ್ಲಿ ಅರ್ಧವೂ ಮಾರಾಟವಾಗಲಿಲ್ಲ.

ಇರಲಿ, ನಿನ್ನ ನಟಿಯ ವಿಷಯಕ್ಕೆ ಬರುತ್ತೇನೆ. ಬೇಡ ಅಂದಾಗ ಬರೆಯುವವರಿಗೆ ವಾಪಸ್ ಬರುವುದು ಹಾಳೆ. ನಟಿಗೆ ವಾಪಸ್ ಬರುವುದು ಅವಳ ಮುಖ, ದನಿ, ಎತ್ತರ, ವಯಸ್ಸು. ಆಡಿಷನ್‌ಗೆ ಹೋದರೆ ಹೊರಗಿನ ಕುರ್ಚಿಗಳಲ್ಲಿ ಹೆಚ್ಚುಕಡಿಮೆ ಅವಳ ಹಾಗೇ ಇರುವ ಹತ್ತು ಜನ. ಒಳಗೆ ಎರಡು ನಿಮಿಷ. "ತಿಳಿಸ್ತೀವಿ" ಅನ್ನುತ್ತಾರೆ, ತಿಳಿಸುವುದಿಲ್ಲ. ಯಾಕೆ ಬೇಡವಾದೆ ಅಂತಲೂ ಯಾರೂ ಹೇಳುವುದಿಲ್ಲ. ಅವಳು ಪಕ್ಕದ ಕುರ್ಚಿಯವಳ ಮೂಗನ್ನೇ ದಿಟ್ಟಿಸುತ್ತಾ ಕೂರುವುದು ಅದಕ್ಕೇ.

ಹಾಗಂತ, ಪಾಪ, ಕಷ್ಟ ಅವಳನ್ನು ಹಾಗೆ ಮಾಡಿತು ಅಂತ ಷರಾ ಬರೆದು ಮುಚ್ಚಿಡಬೇಡ. ಅಷ್ಟೇ ಕಷ್ಟಪಟ್ಟ ಅವಳ ಗೆಳತಿ ಕೆಟ್ಟವಳಾಗಲಿಲ್ಲ ಅಲ್ವಾ? ನಮಗೆ ಸಿಗುವ ಖುಷಿಯೇ ಬೇರೆ. ಕಥೆ ಹೇಳುತ್ತಿರುವವಳು ಆ ನಟಿಯೇ. ನಮ್ಮ ಎದುರೇ ಸುಳ್ಳು ಹೇಳುತ್ತಾಳೆ. ಗೆಳತಿಗೆ ಪಾತ್ರ ಸಿಕ್ಕ ದಿನ "ನನಗೇನೂ ಬೇಜಾರಾಗಲಿಲ್ಲ" ಎನ್ನುತ್ತಾಳೆ. ಆಮೇಲೆ ನಾಲ್ಕು ಸಾಲು ಆ ಗೆಳತಿಯ ಸವೆದ ಚಪ್ಪಲಿಯ ಬಗ್ಗೆ! ಅಲ್ಲಿ ಅವಳು ಸಿಕ್ಕಿಬೀಳುತ್ತಾಳೆ. ಹಿಡಿದವರು ನಾವು. ಬರೆದವರ ಕೈಚಳಕ ಇರುವುದು ಇಂಥ ಕಡೆ.

ಇನ್ನೊಮ್ಮೆ ಓದುವಾಗ ಪೆನ್ಸಿಲ್ ಇಟ್ಟುಕೋ. ಅವಳ ಮೇಲೆ ಸಿಟ್ಟು ಬಂದ ಜಾಗಗಳನ್ನು ಬಿಡು, ಅವು ಎಲ್ಲರಿಗೂ ಕಾಣುತ್ತವೆ. ಮೊದಲು ನಕ್ಕು, ಆಮೇಲೆ ನಗಬಾರದಿತ್ತು ಅನ್ನಿಸಿದ ಕಡೆ ಗೀಟು ಹಾಕು. ಮತ್ತೆ, ಅವಳ ಚುಚ್ಚುಮಾತುಗಳನ್ನು ಬಾಯಿಪಾಠ ಮಾಡಿ ಗೆಳತಿಯರ ಮೇಲೆ ಪ್ರಯೋಗ ಮಾಡಬೇಡ. ನಿನ್ನ ಪತ್ರದಲ್ಲೇ ಒಂದೆರಡು ನುಸುಳಿವೆ.

ನನ್ನ ಗೀಟು ಎಲ್ಲಿದೆ ಗೊತ್ತಾ? ಗೆಳತಿಗೆ ಬಂದ ಕರೆಯ ಸುದ್ದಿಯನ್ನು ಅವಳು ಒಂದು ದಿನ ತಡವಾಗಿ ತಿಳಿಸುತ್ತಾಳಲ್ಲ, ಆ ಪುಟದಲ್ಲಿ. ಅಲ್ಲಿ ಪುಸ್ತಕ ಮಡಚಿಟ್ಟು ಸುಮ್ನೆ ಕೂತುಬಿಟ್ಟೆ. ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ನಾನೂ ಒಬ್ಬ ಗೆಳತಿಯೂ ಒಂದೇ ಹುದ್ದೆಗೆ ಅರ್ಜಿ ಹಾಕಿದ್ದೆವು. ಸಂದರ್ಶನದ ವೇಳೆ ಬದಲಾಗಿದೆ ಅಂತ ನನಗೆ ಮೊದಲೇ ಗೊತ್ತಾಯಿತು. ಅವಳಿಗೆ ಹೇಳಿದೆ. ಆದರೆ ಊಟ ಮುಗಿಸಿ, ಪಾತ್ರೆ ತೊಳೆದು, ಆಮೇಲೆ ಹೇಳಿದೆ. ಅವಳು ಓಡಿ ಹೋಗಿ ಹೇಗೋ ತಲುಪಿದಳು. ಕೆಲಸ ಅವಳಿಗೇ ಸಿಕ್ಕಿತು.

ಇದನ್ನು ನಿನ್ನ ಅಮ್ಮನಿಗೆ ಹೇಳಬೇಡ. ಪುಸ್ತಕ ಮುಂದಿನ ವಾರ ಕಳಿಸುತ್ತೇನೆ, ನನ್ನ ಗೀಟನ್ನು ಅಳಿಸಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ